ಅವ್ವನ ಫೋನಿಗೆ ಬರುವ ಒಟಿಪಿ

ಮ್ಯೂನಿಕ್‌ಗೆ ಬರುವಾಗ ನನ್ನ ಹಳೇ ಸಿಮ್ಮನ್ನು ಹನೂರಿನಲ್ಲಿ ಅವ್ವನ ಕೀಪ್ಯಾಡ್ ಫೋನಿಗೆ ಹಾಕಿ ಬಂದೆ. ಬ್ಯಾಂಕಿನ ಒಟಿಪಿ ಬರೋದು ಅದಕ್ಕೇ. 2023ರಲ್ಲಿ ಹತ್ತು ದೇಶಗಳ ನಂಬರಿಗೆ ಯುಪಿಐ ಕೊಟ್ಟಾಗ ಪಟ್ಟಿಯಲ್ಲಿ ಜರ್ಮನಿ ಇರಲಿಲ್ಲ.

ಮೊನ್ನೆ ಅಪ್ಪನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಸೇರಿಸಿದರು. ಯಳಂದೂರಿನಿಂದ ಅಕ್ಕ ಬರುವವರೆಗೆ ಅವ್ವ ಒಬ್ಬಳೇ. ಅರ್ಜೆಂಟಾಗಿ ದುಡ್ಡು ಕಟ್ಟಬೇಕು. ಅವಳು ಮೆಸೇಜು ಹುಡುಕಿ, ಅಂಕಿಗಳನ್ನು ಚೀಟಿಯ ಹಿಂದೆ ಬರೆದುಕೊಳ್ಳಬೇಕು. ಆಮೇಲೆ ನಾನು ಫೋನ್ ಮಾಡಬೇಕು. ಎರಡು ಸಲ ಟೈಮ್ ಮುಗೀತು. "ಇನ್ನೊಂದ್ಸಲ ಕಳ್ಸು ಮಗ" ಅಂದಳು, ದನಿ ನಡುಗುತ್ತಿತ್ತು. ಮೂರನೇ ಸಲ ದುಡ್ಡು ಹೋಯಿತು.

ಅಪ್ಪ ಈಗ ಮನೆಗೆ ಬಂದಿದ್ದಾರೆ. ಯಾರಿಗೂ ಒಟಿಪಿ ಹೇಳಬೇಡ ಅಂತ ಅವ್ವನಿಗೆ ಕಲಿಸಿದವನು ನಾನೇ. ಅದಕ್ಕೇ ಇವತ್ತಿಗೂ ಅಂಕಿ ಓದುವ ಮುಂಚೆ ಕೇಳ್ತಾಳೆ: "ನೀನೇ ತಾನೆ ಮಗ?"