ಅಜ್ಜನ ಪೆನ್ಸಿಲ್ ಗೆರೆಗಳು

ಅಜ್ಜನ ಟ್ರಂಕಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರ ಪುಸ್ತಕಮಾಲೆಯ ಪುಟ್ಟ ಪುಸ್ತಕವೊಂದು ಸಿಕ್ಕಿತು. ಮೇಷ್ಟ್ರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಕೊಟ್ಟ ಉಪನ್ಯಾಸಗಳನ್ನು ಹೀಗೆ ಅಚ್ಚು ಹಾಕಿಸುತ್ತಿದ್ದರು. ಕುವೆಂಪು ಉಪಕುಲಪತಿಯಾಗಿದ್ದ 1956-60ರಲ್ಲಿ ಈ ಪ್ರಸಾರಾಂಗದ ಕೆಲಸ ಇನ್ನಷ್ಟು ಬೆಳೆಯಿತು. ಅಜ್ಜ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಆದರೂ ಪುಸ್ತಕದ ತುಂಬ ಅವರ ಪೆನ್ಸಿಲ್ ಗೆರೆಗಳು!

ಈಗ ನಮ್ಮ ಗಿರಿನಗರದ ಸುತ್ತಮುತ್ತಲೇ ಸ್ವಾಯತ್ತ ಕಾಲೇಜು, ಖಾಸಗಿ ವಿಶ್ವವಿದ್ಯಾಲಯ ಎಲ್ಲ ಇವೆ. ಪಠ್ಯ ಅವರದೇ, ಪರೀಕ್ಷೆ ಅವರದೇ. ರಕ್ತದಾನ ಶಿಬಿರ ಮಾಡುತ್ತಾರೆ, ಒಳ್ಳೆಯದೇ... ಆದರೆ ಸಂಜೆ ಖಾಲಿ ಬೀಳುವ ಬೆಂಚುಗಳನ್ನು ನೆರೆಯ ಮಕ್ಕಳಿಗೆ ಬಿಟ್ಟುಕೊಡಲು ಯಾರ ಅಪ್ಪಣೆ ಬೇಕು?

ಮೊನ್ನೆ ಸೊಪ್ಪು ಮಾರುವಾಕೆಯ ಮಗಳು, ಪಿಯುಸಿ ಹುಡುಗಿ, ಕೇಳಿದಳು: "ಅಂಕಲ್, ಆ ಕಾಲೇಜಲ್ಲಿ ದೊಡ್ಡ ಲೈಬ್ರರಿ ಇದೆಯಂತೆ, ನಮ್ಮನ್ನ ಒಳಗೆ ಬಿಡ್ತಾರಾ?"

ಸೋಮವಾರ ಹೋಗಿ ಕೇಳಿಕೊಂಡು ಬರ್ತೀನಿ ಅಂದಿದ್ದೇನೆ.