ದೀಪದ ಹೆಂಗಸಿನ ಬಣ್ಣ

ತಿತಿಮತಿಯ ನಮ್ಮ ಜಗಲಿಗೆ ಬಂದವರೆಲ್ಲ ಗೋಡೆಯ ಮೇಲಿನ ದೀಪದ ಹೆಂಗಸನ್ನು ನೋಡಿ, "ಓ, ರವಿವರ್ಮ!" ಎಂದು ತಲೆದೂಗುತ್ತಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಇದನ್ನು ಬರೆದವರು ಎಸ್. ಎಲ್. ಹಲ್ದಣ್ಕರ್, 1940ರ ದಶಕದಲ್ಲಿ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಇಷ್ಟೆಲ್ಲ ಹೇಳುವಷ್ಟರಲ್ಲಿ ಬಂದವರ ಕಾಫಿ ಆರುತ್ತದೆ, ಸುಮ್ಮನಿರುತ್ತೇನೆ.

ಮೂಲಚಿತ್ರ ಇರುವುದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ. ಜಲವರ್ಣವಾದ್ದರಿಂದ ಅದಕ್ಕೆ ಮಬ್ಬುಗತ್ತಲೆಯೇ ಕ್ಷೇಮ. ನಮ್ಮವಳು ಮಾತ್ರ ಪಶ್ಚಿಮದ ಕಿಟಕಿಗೆ ಎದುರಾಬದುರು. ಚಿಕ್ಕಂದಿನಲ್ಲಿ ಕರೆಂಟು ಹೋದ ರಾತ್ರಿ ಚಿಮಣಿ ಬೆಳಕು ಗಾಜಿಗೆ ಬಿದ್ದರೆ ಅವಳ ದೀಪವೇ ಮನೆ ಬೆಳಗಿದಂತಿರುತ್ತಿತ್ತು. ಮತ್ತಿಗೋಡಿನ ಕಡೆಯಿಂದ ಆನೆ ಘೀಳಿಟ್ಟಿತೋ, ಅವಳು ದೀಪಕ್ಕೆ ಕೈ ಅಡ್ಡ ಹಿಡಿದಿರುವುದು ಅದಕ್ಕೇ ಎಂದು ನಾವು ಮಕ್ಕಳು ನಂಬಿದ್ದೆವು.

ಭೂತಗನ್ನಡಿ ಹಿಡಿದು ನೋಡಿದರೆ ಅವಳ ಮುಖವೆಲ್ಲ ಚುಕ್ಕೆ: ನೀಲಿ, ಗುಲಾಬಿ, ಹಳದಿ, ಕಪ್ಪು. ಇಂಥ ಅಗ್ಗದ ಅಚ್ಚಿನಲ್ಲಿ ಬಿಸಿಲು ಮೊದಲು ತಿನ್ನುವುದು ಗುಲಾಬಿ, ಹಳದಿಗಳನ್ನೇ. ದೀಪದ ಉರಿ, ಬೆರಳ ಸಂದಿಯ ಕೆಂಪು, ಕೆನ್ನೆಯ ಹೊಳಪು ಎಲ್ಲ ಆ ಎರಡರ ಕೃಪೆ. ಹಾಗಾಗಿ ನಮ್ಮನೆಯಲ್ಲಿ ಮೊದಲು ಆರಿದ್ದು ದೀಪ. ಈಗ ಅವಳು ಪೂರಾ ನೀಲಿ. ಸಲೂನಿನ ಹಳೆ ಕ್ಯಾಲೆಂಡರುಗಳಲ್ಲಿ ಲಕ್ಷ್ಮಿ ಕೃಷ್ಣನ ಬಣ್ಣಕ್ಕೆ ತಿರುಗುವುದೂ ಹೀಗೆಯೇ.

ಇನ್ನು ಮಳೆ. ಭಾಗಮಂಡಲದಷ್ಟು ನಮಗಿಲ್ಲ, ಬೂಷ್ಟಿಗೆ ಅಷ್ಟು ಬೇಕಾಗಿಯೂ ಇಲ್ಲ. ಚಿತ್ರ ಗಾಜಿಗೆ ತಾಗಿಕೊಂಡಿದ್ದರೆ ಥಂಡಿಗೆ ಅಂಟಿಬಿಡುತ್ತದೆ, ಬಿಡಿಸಹೋದರೆ ಮೂಗು ಗಾಜಿನ ಪಾಲು. ಹಿಂದೆ ಒರಟು ರಟ್ಟು ಕೊಟ್ಟರೆ ಅದರ ಆಮ್ಲ ಇಳಿದು ಕಾಗದ ಕಂದಾಗುತ್ತದೆ.

ಹೊಸ ಪ್ರತಿ ತಂದಾಗ ಎಲ್ಲ ಶಾಸ್ತ್ರೋಕ್ತ ಮಾಡಿಸಿದೆ: ಗಾಜಿಗೂ ಚಿತ್ರಕ್ಕೂ ನಡುವೆ ಸಂದು ಬಿಡುವ ಮೌಂಟು, ಆಮ್ಲವಿಲ್ಲದ ರಟ್ಟು, ಗಾಳಿಯಾಡಲೆಂದು ಚೌಕಟ್ಟಿನ ಹಿಂದೆ ಬಿರಡೆಯ ತುಂಡು. ಆ ಸಂದಿಗೆ ಗಾಳಿಗಿಂತ ಮೊದಲು ಬಂದದ್ದು ಹಲ್ಲಿ. ಹೋಗಲಿ, ಬಿಸಿಲು ತಾಗದ ಒಳಗೋಡೆಯಂತೂ ಸಿಕ್ಕಿತಲ್ಲ ಎಂದುಕೊಂಡೆ.

ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದರು. ಡಿಜಿಟಲ್ ಅಚ್ಚಿನ ಕೆನ್ನೆ ಕುಂಕುಮದಷ್ಟು ಕೆಂಪಗಿತ್ತು.

"ಯಾರೋ ಇವಳು? ಮದುವೆ ಮನೆಗೆ ಹೊರಟಿದ್ದಾಳಾ?"

"ಅವಳೇ ದೊಡ್ಡಮ್ಮ. ಬಣ್ಣ ಹೊಸದು."

"ಹಾಗಾದ್ರೆ ಕಿಟಕಿ ಎದುರಿಗೇ ಹಾಕು ಮಾರಾಯ. ನಾಲ್ಕು ಬೇಸಿಗೆ ಬಿಸಿಲು ತಿಂದು ಸ್ವಲ್ಪ ನಮ್ಮವಳ ಹಾಗಾಗ್ಲಿ."