ಎರಡೂರಿನ ಕಾರು

ಪಿಎಚ್‌ಡಿ ಮಾಡುವವರಿಗೆ ಸಾಮಾನ್ಯವಾಗಿ ಎರಡು ವಿಳಾಸ: ಒಂದು ಆಧಾರ್ ಕಾರ್ಡಿನದು, ಇನ್ನೊಂದು ಹಾಸ್ಟೆಲಿನದು. ನನ್ನವು ಕಲಬುರಗಿ ಮತ್ತು ಹೈದರಾಬಾದ್. ಇವೆರಡರ ನಡುವೆ ಓಡಾಡುವುದು ಅಪ್ಪನ ಹಳೆಯ ಕಾರು. ಕಣ್ಣಿನ ತೊಂದರೆಯಿಂದ ಅಪ್ಪ ಓಡಿಸುವುದನ್ನು ಬಿಟ್ಟ ಮೇಲೆ, ಕ್ಷೇತ್ರಕಾರ್ಯಕ್ಕೆಂದು ಬೀದರ್, ಯಾದಗಿರಿಯ ಹಳ್ಳಿಗಳನ್ನು ಸುತ್ತಬೇಕಿದ್ದ ನನಗೆ ಕೀಲಿಕೈ ಸಿಕ್ಕಿತು. ಆರ್‌ಸಿ ಅಪ್ಪನ ಹೆಸರಿನಲ್ಲೇ ಉಳಿಯಿತು. ಸೆಮಿಸ್ಟರ್ ನಡೆಯುವಾಗ ಕಾರು ಹಾಸ್ಟೆಲ್ ಹಿಂದಿನ ಬೇವಿನ ಮರದಡಿ, ರಜೆಯಲ್ಲಿ ಮನೆಯಂಗಳದಲ್ಲಿ.

ವಿಮೆಗೆ ಈ ಕಾರು ಯಾವ ಊರಿನದು? ಖಾಸಗಿ ಕಾರುಗಳ ಹಳೆಯ ದರಪಟ್ಟಿಯಲ್ಲಿ ಎಂಟು ಮಹಾನಗರಗಳು ‘ಎ’ ವಲಯ, ಉಳಿದ ದೇಶವೆಲ್ಲ ‘ಬಿ’. ಹೈದರಾಬಾದ್ ‘ಎ’, ಕಲಬುರಗಿ ‘ಬಿ’. ಆದರೆ ವಲಯವನ್ನು ತೀರ್ಮಾನಿಸುವುದು ಗಾಡಿ ನಿಲ್ಲುವ ಜಾಗವಲ್ಲ, ನೋಂದಣಿಯಾದ ಕಚೇರಿ. ಕೆಎ-32 ಎಂಬ ಫಲಕ ಇರುವ ತನಕ ಅದು ಕಲಬುರಗಿಯದೇ. ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಗಂತೂ ಊರಿನ ಹಂಗಿಲ್ಲ. 2022ರ ದರದಂತೆ 1000ದಿಂದ 1500 ಸಿಸಿಯೊಳಗಿನ ಕಾರಿಗೆ 3416 ರೂಪಾಯಿ. ಊರಿನ ಲೆಕ್ಕ ಇಡುವುದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ: ಹೊರರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿ ಹೊಸದಾಗಿ ನೋಂದಾಯಿಸಬೇಕು. ರಜೆ ಬಂದಾಗಲೆಲ್ಲ ಊರಿಗೆ ಹೋಗುವ ಕಾರಿಗೆ ಅಷ್ಟು ದಿನ ತುಂಬುವುದೇ ಇಲ್ಲ.

ಊರಿನ ಗೊಂದಲ ಬಗೆಹರಿಯಿತು. ಉಳಿದದ್ದು ಹೆಸರಿನದು. ಪಾಲಿಸಿಯಲ್ಲಿ ‘ಓನರ್-ಡ್ರೈವರ್’ ಎಂಬ ಸಾಲಿದೆ, 15 ಲಕ್ಷದ ಅಪಘಾತ ರಕ್ಷಣೆ. ಅದು ಲೈಸೆನ್ಸ್ ಇರುವ ಮಾಲೀಕನಿಗೆ ಮಾತ್ರ. ನಾನು ಓಡಿಸಿದರೂ ಕಾರಿಗಾದ ಹಾನಿಗೆ, ಬೇರೆಯವರಿಗಾದ ಗಾಯಕ್ಕೆ ವಿಮೆ ಇದೆ. ನನ್ನ ಜೀವಕ್ಕೆ? ತಪ್ಪು ಎದುರಿನ ವಾಹನದ್ದಾದರೆ ಅದರ ವಿಮೆ ಕೊಡುತ್ತದೆ. ರಾತ್ರಿ ಎಮ್ಮೆ ಅಡ್ಡ ಬಂದು ಕಾರು ಉರುಳಿದರೆ?

2009ರ ನಿಂಗಮ್ಮ ಪ್ರಕರಣ ಓದಿದೆ. ಆಕೆಯ ಗಂಡ ಕೇಳಿ ತಂದ ಬೈಕ್‌ನಲ್ಲಿ ಹೋಗುವಾಗ ಎತ್ತಿನ ಗಾಡಿಗೆ ಡಿಕ್ಕಿಯಾಗಿ ಸತ್ತ. ಕೇಳಿ ತಂದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಹಾಗಾಗಿ 163-ಎ ಕಲಮಿನಡಿ ಪರಿಹಾರ ಕೇಳಲಾಗದು ಎಂದಿತು ಸುಪ್ರೀಂ ಕೋರ್ಟ್. ಹೊಣೆಯ ಮಟ್ಟಿಗೆ ಮಾಲೀಕನ ಜಾಗ; ಆದರೆ ಮಾಲೀಕನ ಹೆಸರಿನ ಆ ರಕ್ಷಣೆ ಇಲ್ಲ. ಅಪ್ಪನ ಕಾರು ಓಡಿಸುವ ಮಕ್ಕಳೆಲ್ಲ ನಿಂತಿರುವುದು ಈ ಸಂದಿಯಲ್ಲೇ.

ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಗಾಡಿಗಿ ಅದ, ನನಗೂ ಅದ. ಹೊಡಿಯಾಕಿ ನೀ, ನಿನಗ್ಯಾಕ ಇಲ್ಲವ್ವಾ?” ಎಂದರು. ನಾಳೆಯೇ ಕಾರನ್ನು ನನ್ನ ಹೆಸರಿಗೆ ಮಾಡುವುದಾಗಿ ಹೊರಟರು. ಅದಕ್ಕೂ ಬೆಲೆಯಿದೆ: ಐದು ವರ್ಷ ಕ್ಲೇಮ್ ಮಾಡದೆ ಗಳಿಸಿದ ಶೇ. 50ರ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕನದು. ಹೆಸರು ಬದಲಾದರೆ ನಾನು ಸೊನ್ನೆಯಿಂದ ಶುರು ಮಾಡಬೇಕು. ಫೆಲೋಶಿಪ್ ತಿಂಗಳುಗಟ್ಟಲೆ ತಡವಾಗಿ ಬರುವಾಗ ಅದು ಸಣ್ಣ ಮೊತ್ತವಲ್ಲ.

ಕೊನೆಗೆ ಆರ್‌ಸಿ ಮುಟ್ಟಲಿಲ್ಲ. ನನ್ನ ಹೆಸರಿಗೇ ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿ ಕೊಂಡೆ. ಅಪ್ಪನ ಕಾರಿನಲ್ಲಿರಲಿ, ಹಳ್ಳಿಯ ಟಂಟಂನಲ್ಲಿರಲಿ, ಅದು ನನ್ನ ಜೊತೆಗಿರುತ್ತದೆ. ನಾಮಿನಿ ಕಾಲಮ್ಮಿನಲ್ಲಿ ಅಪ್ಪನ ಹೆಸರು ಬರೆಯುವಾಗ ಮಾತ್ರ ಕೈ ತಡೆಯಿತು. ಮಕ್ಕಳ ಪಾಲಿಸಿಗೆ ಹೆತ್ತವರು ನಾಮಿನಿಯಾಗುವುದು ಯಾವ ಅಪ್ಪನೂ ಓದಲು ಇಷ್ಟಪಡುವ ಕಾಗದವಲ್ಲ. ಅದನ್ನು ಮನೆಗೆ ಕಳಿಸಲಿಲ್ಲ; ಕಾರಿನ ಡ್ಯಾಶ್‌ಬೋರ್ಡಿನೊಳಗೆ ಇಟ್ಟಿದ್ದೇನೆ.